ಹಸನು ಮತ್ತು ಹದ: ರಾಗಿ ಕಲ್ಲಿಗೆ ಬೀಳುವ ಮುನ್ನ

ತುಮಕೂರು ಜಿಲ್ಲೆಯಲ್ಲಿ ಒಕ್ಕಣೆ ಮುಗಿದು ರಾಗಿ ಖರೀದಿ ಕೇಂದ್ರಗಳು ತೆರೆಯುವ ಹೊತ್ತಿಗೆ ರೈತರ ಬಾಯಲ್ಲಿ ಮತ್ತೆ ಮತ್ತೆ ಬರುವ ಮಾತು ‘ಕ್ಲೀನಿಂಗ್’. ಬೆಳೆ ಹೇಗಿತ್ತು, ಎಕರೆಗೆ ಎಷ್ಟು ಮೂಟೆ ಬಂತು ಎಂಬ ಮಾತು ಆಗಲೇ ಹಿಂದೆ ಸರಿದಿರುತ್ತದೆ. 2023-24ರಲ್ಲಿ ಕ್ವಿಂಟಲಿಗೆ 3,846 ರೂಪಾಯಿ ಇದ್ದ ರಾಗಿಯ ಬೆಂಬಲ ಬೆಲೆ 2025-26ಕ್ಕೆ 4,886 ರೂಪಾಯಿಗೆ ಏರಿದೆ. ಈ ಬೆಲೆ ಕೈಗೆ ಬರಬೇಕಾದರೆ ರಾಗಿಯ ತೇವಾಂಶ ಶೇಕಡಾ 12ನ್ನು ಮೀರಬಾರದು, ಕಲ್ಲು ಮಣ್ಣು ಕಸ ನೂರಕ್ಕೆ ಒಂದು ಪಾಲಿಗಿಂತ ಹೆಚ್ಚಿರಬಾರದು. ಬೆಲೆ ಏರಿದಷ್ಟೂ ಈ ಎರಡು ಅಳತೆಗಳ ಬಿಗಿ ರೈತನಿಗೆ ಹೆಚ್ಚು ತಟ್ಟುತ್ತದೆ, ಏಕೆಂದರೆ ತಿರಸ್ಕಾರವಾದ ಒಂದು ಟ್ರ್ಯಾಕ್ಟರ್ ಲೋಡು ಮನೆಗೆ ಮರಳಿ, ಜರಡಿ ಹಿಡಿಸಿಕೊಂಡು, ಮತ್ತೆ ಸರದಿಯಲ್ಲಿ ನಿಲ್ಲುವಷ್ಟರಲ್ಲಿ ಬಾಡಿಗೆ ಮತ್ತು ಕೂಲಿಗೇ ಲಾಭದ ಒಂದು ಭಾಗ ಕರಗಿಹೋಗಿರುತ್ತದೆ.

ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ರಾಗಿಯ ಬಿಸ್ಕತ್ತು, ಶಾವಿಗೆ, ಮಾಲ್ಟ್, ದೋಸೆ ಮಿಶ್ರಣಗಳ ಬಗ್ಗೆ ಬಹಳ ಮಾತಾಗಿದೆ. ಬೀಸುವ ಯಂತ್ರಕ್ಕೂ ಪೊಟ್ಟಣ ಕಟ್ಟುವ ಯಂತ್ರಕ್ಕೂ ಹಣ ಹರಿದಿದೆ. ಬೀಸುವುದಕ್ಕೆ ಮುಂಚಿನ ಎರಡು ಕೆಲಸಗಳಿಗೆ, ಅಂದರೆ ಕಾಳನ್ನು ಹಸನು ಮಾಡುವುದಕ್ಕೆ ಮತ್ತು ಅದನ್ನು ಬೇಕಾದಷ್ಟೇ ತೇವದಿಂದ ಹದಕ್ಕೆ ತರುವುದಕ್ಕೆ, ಆ ಗಮನ ಸಿಕ್ಕಿಲ್ಲ. ಹಿಟ್ಟಿನ ಬಣ್ಣ, ರುಚಿ, ಬಾಳಿಕೆ, ಅದರಲ್ಲಿ ಉಳಿಯುವ ಸುಣ್ಣದಂಶ (ಕ್ಯಾಲ್ಸಿಯಂ), ಎಲ್ಲವೂ ಬಹುಮಟ್ಟಿಗೆ ಈ ಎರಡು ಹಂತಗಳಲ್ಲೇ ತೀರ್ಮಾನವಾಗುತ್ತವೆ. ಇವೆರಡೂ ಬೇರೆ ಬೇರೆ ಕೆಲಸಗಳು, ಬೇರೆ ಬೇರೆ ಜಾಗದಲ್ಲಿ ಆಗಬೇಕಾದವು. ಹಸನು ಕಣದ ಹತ್ತಿರ ಆಗಬೇಕು, ಹದ ಮಿಲ್ಲಿನ ಬಾಗಿಲಲ್ಲಿ ಆಗಬೇಕು ಎಂಬುದು ಈ ಲೇಖನದ ವಾದ.

ಮೊದಲು ಕಾಳಿನ ಗಾತ್ರವನ್ನು ನೋಡಬೇಕು. ಸಾವಿರ ರಾಗಿ ಕಾಳು ತೂಗಿದರೆ ಎರಡೂವರೆಯಿಂದ ಮೂರು ಗ್ರಾಂ ಬರುತ್ತದೆ. ಹಾಗೆಂದರೆ ಒಂದು ಕಿಲೋ ರಾಗಿಯಲ್ಲಿ ಸುಮಾರು ಮೂರು ಲಕ್ಷ ಮೂವತ್ತು ಸಾವಿರದಿಂದ ನಾಲ್ಕು ಲಕ್ಷ ಕಾಳುಗಳಿರುತ್ತವೆ, ಒಂದು ಮುದ್ದೆಗೆ ಬೇಕಾಗುವ ನೂರು ಗ್ರಾಂ ಹಿಟ್ಟಿನ ಹಿಂದೆ ಮೂವತ್ಮೂರು ಸಾವಿರಕ್ಕೂ ಮಿಕ್ಕಿದ ಕಾಳುಗಳಿರುತ್ತವೆ. ಇಷ್ಟು ಕಾಳುಗಳ ನಡುವೆ ಸೇರಿದ ನಾಲ್ಕು ಮರಳಿನ ಹರಳನ್ನು ಕಣ್ಣು ಗುರುತಿಸಲಾರದು. ನಮ್ಮ ಊಟದ ಕ್ರಮವೂ ಅದನ್ನು ಮರೆಮಾಡುತ್ತ ಬಂದಿದೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಹಲ್ಲಿಗೆ ಸಿಕ್ಕದ ಮರಳಿನ ಬಗ್ಗೆ ಯಾರೂ ದೂರು ಹೇಳುವುದಿಲ್ಲ. ಅದೇ ಹಿಟ್ಟು ರೊಟ್ಟಿಯಾದಾಗ ಒಂದಷ್ಟು, ಬಿಸ್ಕತ್ತಾದಾಗ ಪೂರ್ತಿಯಾಗಿ, ಹಲ್ಲಿನಡಿ ಕರಕರ ಎನ್ನುತ್ತದೆ. ರಾಗಿ ಹೊಸ ರೂಪಗಳಲ್ಲಿ ಹೊಸ ಗಿರಾಕಿಯ ತಟ್ಟೆಗೆ ಹೋಗುತ್ತಿರುವ ಈ ಕಾಲದಲ್ಲಿ ಹಸನಿನ ಪ್ರಶ್ನೆ ಹಿಂದೆಂದಿಗಿಂತ ದೊಡ್ಡದಾಗಿರುವುದಕ್ಕೆ ಇದೂ ಒಂದು ಕಾರಣ.

ಈ ಕಲ್ಲು ಮಣ್ಣು ಬರುವುದು ಎಲ್ಲಿಂದ? ಹಿಂದೆ ಕಣವನ್ನು ಕೆತ್ತಿ, ನೀರು ಹೊಡೆದು, ಗಟ್ಟಿಮಾಡಿ, ಸಗಣಿ ಸಾರಿಸಿ, ಅದರ ಮೇಲೆ ರೋಣಗಲ್ಲು ಹೊಡೆಯುತ್ತಿದ್ದರು. ಆಮೇಲೆ ತೂರಿ, ಮೊರದಲ್ಲಿ ಕೇರಿ, ಒಂದರಿ ಹಿಡಿದು, ಮನೆಗೆ ಬೇಕಾದ ರಾಗಿಯನ್ನು ಮತ್ತೊಮ್ಮೆ ನೀರಿನಲ್ಲಿ ಗಾಳಿಸಿ ಒಣಗಿಸುತ್ತಿದ್ದರು. ಈಗ ಕಣ ಮಾಡುವಷ್ಟು ಕೈಗಳು ಹಳ್ಳಿಗಳಲ್ಲಿ ಉಳಿದಿಲ್ಲ. ಟಾರು ರಸ್ತೆಯೇ ಕಣವಾಗಿದೆ. ಹಾದುಹೋಗುವ ಲಾರಿ ಬಸ್ಸುಗಳ ಚಕ್ರದಡಿ ತೆನೆ ಉದುರುತ್ತದೆ, ಜೊತೆಗೆ ಜಲ್ಲಿಪುಡಿ, ಟಾರಿನ ಚೂರು, ಟೈರಿನ ಪುಡಿ, ಕೆಲವೊಮ್ಮೆ ಎಣ್ಣೆಯ ಕಲೆ ಕಾಳಿಗೆ ಸೇರುತ್ತವೆ. ದ್ವಿಚಕ್ರ ವಾಹನ ಸವಾರರು ಜಾರಿ ಬೀಳುವ ಅಪಾಯ ಇನ್ನೊಂದು ಗಂಭೀರ ವಿಷಯ. ಕಟಾವು ಯಂತ್ರ ಬಂದ ಕಡೆ ರಸ್ತೆಯ ಸಮಸ್ಯೆ ತಗ್ಗಿದೆಯಾದರೂ, ಮಳೆಗೆ ಮಲಗಿದ ಬೆಳೆಯನ್ನು ಯಂತ್ರ ನೆಲಕ್ಕೆ ತಾಗಿ ಬಾಚಿಕೊಳ್ಳುವಾಗ ಹೊಲದ ಕೆಮ್ಮಣ್ಣು ಕಾಳಿನೊಂದಿಗೇ ಬರುತ್ತದೆ.

ಹಸನು ಮಾಡುವ ಯಂತ್ರಗಳು ಎಂದರೆ ಒಂದು ಯಂತ್ರವಲ್ಲ, ಒಂದು ಸಾಲು. ಕಾಳಿಗೂ ಕಸಕ್ಕೂ ಇರುವ ಒಂದೊಂದು ವ್ಯತ್ಯಾಸವನ್ನು ಒಂದೊಂದು ಯಂತ್ರ ಹಿಡಿಯುತ್ತದೆ. ಗಾತ್ರದ ವ್ಯತ್ಯಾಸವನ್ನು ಅದುರುವ ಜರಡಿ ಹಿಡಿಯುತ್ತದೆ: ಮೇಲಿನ ಜರಡಿಯಲ್ಲಿ ಕಡ್ಡಿ, ತೆನೆಯ ತುಂಡು ಉಳಿಯುತ್ತವೆ, ಕೆಳಗಿನದರಲ್ಲಿ ಸಣ್ಣ ಮರಳು, ಪುಡಿ ಇಳಿದುಹೋಗುತ್ತವೆ. ಹಗುರಭಾರದ ವ್ಯತ್ಯಾಸವನ್ನು ಗಾಳಿ ಹಿಡಿಯುತ್ತದೆ. ಹೊಟ್ಟು, ಜೊಳ್ಳು, ದೂಳು ಗಾಳಿಯೊಂದಿಗೆ ಹೋಗಿ ಸೈಕ್ಲೋನ್ ಎನ್ನುವ, ದೂಳು ಹಿಡಿಯುವ ಸುರುಳಿ ಗೋಪುರದಲ್ಲಿ ಇಳಿಯುತ್ತವೆ. ಕಬ್ಬಿಣದ ಚೂರಿಗೆ ಅಯಸ್ಕಾಂತವಿದೆ, ಅದನ್ನು ಬೀಸುವ ಕಲ್ಲಿಗಿಂತ ಮುಂಚೆ ಇಡದಿದ್ದರೆ ಕಿಡಿ ಹಾರುವ ಭಯವಿರುತ್ತದೆ. ಆದರೆ ರಾಗಿಯಷ್ಟೇ ಗಾತ್ರದ ಕಲ್ಲು ಈ ಯಾವುದಕ್ಕೂ ಸಿಗುವುದಿಲ್ಲ. ಅದಕ್ಕೆ ಬೇಕಾದದ್ದು ಮಿಲ್ಲಿನವರು ಡಿಸ್ಟೋನರ್ ಎಂದು ಕರೆಯುವ ಯಂತ್ರ.

ಗುಬ್ಬಿ ತಾಲ್ಲೂಕಿನ ಒಂದು ಸಣ್ಣ ಮಿಲ್ಲಿನಲ್ಲಿ ಈ ಯಂತ್ರ ನಡೆಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮಂಚದಷ್ಟು ಅಗಲದ ತಂತಿಬಲೆಯ ಹಾಸು ಇಳಿಜಾರಾಗಿ ನಿಂತಿರುತ್ತದೆ. ಕೆಳಗಿನಿಂದ ಫ್ಯಾನಿನ ಗಾಳಿ ಬಲೆಯ ಕಣ್ಣುಗಳಲ್ಲಿ ಹಾದು ಮೇಲೇಳುತ್ತದೆ, ಹಾಸು ಒಂದೇ ಸಮನೆ ಅದುರುತ್ತಿರುತ್ತದೆ. ಮೇಲಿನಿಂದ ಸುರಿದ ರಾಗಿ ಆ ಗಾಳಿಯ ಮೇಲೆ ಅರೆಬರೆ ತೇಲುತ್ತ, ನೀರು ಹರಿದಂತೆ ಇಳಿಜಾರಿನ ಕಡೆಗೆ ಹರಿಯುತ್ತದೆ. ಭಾರವಾದ ಕಲ್ಲು ತೇಲಲಾರದು. ಅದು ಬಲೆಗೆ ತಾಗಿಕೊಂಡು, ಪ್ರತಿ ಅದುರಿಗೂ ಒಂದೊಂದು ನೂಲು ಮುಂದೆ ಸರಿಯುತ್ತ, ಏರಿನ ಕಡೆಗೆ ಹತ್ತುತ್ತದೆ. ರಾಗಿ ಕೆಳಗೆ, ಕಲ್ಲು ಮೇಲೆ. ಮೇಲಿನ ತುದಿಯ ಡಬ್ಬಿಯಲ್ಲಿ ಕೂಡಿದ ಕಲ್ಲನ್ನು ಕೈಯಲ್ಲಿ ಹಿಡಿದಾಗ ಅದು ಬಿಡಿಬಿಡಿಯಾಗಿ, ಎಲ್ಲವೂ ರಾಗಿಯಷ್ಟೇ ಗುಂಡಗೆ, ಇದನ್ನು ಯಾವ ಜರಡಿಯೂ ತಡೆಯಲಾರದೆಂಬುದು ಹೇಳದೆಯೇ ತಿಳಿಯುವಂತಿತ್ತು.

ಈ ಯಂತ್ರದ ಸೂಕ್ಷ್ಮವೆಲ್ಲ ಗಾಳಿಯ ಒತ್ತಡದಲ್ಲಿದೆ. ಬೆಲ್ಟು ಸಡಿಲಾಗಿಯೋ ವೋಲ್ಟೇಜ್ ಇಳಿದೋ ಗಾಳಿ ತಗ್ಗಿದರೆ ರಾಗಿಯೂ ಬಲೆಗೆ ಕೂತು ಕಲ್ಲಿನೊಂದಿಗೆ ಮೇಲಕ್ಕೆ ಹತ್ತುತ್ತದೆ. ಗಾಳಿ ಅತಿಯಾದರೆ ಕಲ್ಲೂ ಎದ್ದು ರಾಗಿಯೊಂದಿಗೆ ಹರಿದುಹೋಗುತ್ತದೆ. ಗೋಧಿಗೋ ಅಕ್ಕಿಗೋ ಮಾಡಿದ ಯಂತ್ರವನ್ನು ಹಾಗೆಯೇ ತಂದು ರಾಗಿಗೆ ಹಚ್ಚಿದಾಗ ಆಗುವ ತೊಂದರೆಯೂ ಇದೇ. ಬಲೆಯ ಕಣ್ಣು, ಹಾಸಿನ ಓಟ, ಗಾಳಿ, ಒಮ್ಮೆಗೆ ಬೀಳುವ ಕಾಳಿನ ಪ್ರಮಾಣ, ನಾಲ್ಕನ್ನೂ ರಾಗಿಗೆ ಹೊಂದಿಸಬೇಕು. ಯಂತ್ರ ಮಾರುವವರು ಗಂಟೆಗೆ ಇಷ್ಟು ಟನ್ ಎಂದು ಹೇಳುವ ಸಾಮರ್ಥ್ಯ ಸಾಮಾನ್ಯವಾಗಿ ಗೋಧಿಯ ಲೆಕ್ಕದ್ದು ಎಂಬುದನ್ನು ಕೊಳ್ಳುವ ಮುನ್ನವೇ ಕೇಳಿ ತಿಳಿಯಬೇಕು.

ಡಿಸ್ಟೋನರ್ ಕೂಡ ಸೋಲುವುದು ಮಣ್ಣಿನ ಹರಳಿನ ಮುಂದೆ. ಕೆಂಪು ಮಣ್ಣು ಒಣಗಿ ಉಂಡೆಗಟ್ಟಿದ ಹರಳು ಕಲ್ಲಿನಷ್ಟು ಭಾರವಿಲ್ಲ, ರಾಗಿಯಷ್ಟು ಹಗುರವೂ ಅಲ್ಲ. ಅದರ ಬಣ್ಣವೂ ರಾಗಿಯ ಬಣ್ಣಕ್ಕೆ ಹತ್ತಿರ, ಹೀಗಾಗಿ ಬಣ್ಣ ನೋಡಿ ಕಾಳು ವಿಂಗಡಿಸುವ ದುಬಾರಿ ಕ್ಯಾಮೆರಾ ಯಂತ್ರಕ್ಕೂ ಅದು ಸುಲಭದ ಬೇಟೆಯಲ್ಲ. ಆ ಯಂತ್ರ ಚೆನ್ನಾಗಿ ಹಿಡಿಯುವುದು ಬೇರೊಂದನ್ನು. ರಾಗಿ ಹೊಲದ ಕಳೆಯಾದ ಅಣ್ಣೆ ಸೊಪ್ಪಿನ ಬೀಜ ಕಪ್ಪಗೆ ಮಿರುಗುತ್ತದೆ, ಗಾತ್ರದಲ್ಲಿ ರಾಗಿಯಷ್ಟೇ ಇರುತ್ತದೆ. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಬೆಳೆದ ಸಾಸಿವೆಯೂ ಹಾಗೆಯೇ. ಇವೆರಡನ್ನೂ ಬಣ್ಣದಿಂದ ಬೇರ್ಪಡಿಸಬಹುದು. ಮಣ್ಣಿನ ಹರಳಿಗೆ ಉಳಿಯುವ ದಾರಿ ಎಂದರೆ ಕಾಳನ್ನು ಒರಟು ಉರುಳೆಯಲ್ಲಿ ತಿಕ್ಕಿ ಹರಳನ್ನು ಪುಡಿ ಮಾಡಿ ಗಾಳಿಯಲ್ಲಿ ತೆಗೆಯುವುದು. ಈ ತಿಕ್ಕಾಟದಲ್ಲಿ ರಾಗಿಯ ಮೇಲಿರುವ ಕಾಗದದಂಥ ಸುಂಕೂ ಬಿಟ್ಟುಬರುತ್ತದೆ, ಹಿಟ್ಟಿನ ಬಣ್ಣ ತಿಳಿಯಾಗುತ್ತದೆ. ಅದಕ್ಕಿಂತ ಅಗ್ಗದ ದಾರಿ ಮಣ್ಣು ಸೇರದಂತೆ ನೋಡಿಕೊಳ್ಳುವುದು, ಅಂದರೆ ಟಾರ್ಪಾಲು ಅಥವಾ ಸಿಮೆಂಟಿನ ಒಕ್ಕಣೆ ಕಣ. ಕೋಟಿ ರೂಪಾಯಿ ಯಂತ್ರ ತರುವ ಯೋಜನೆಗಳ ನಡುವೆ ಹಳ್ಳಿಗೊಂದು ಸಿಮೆಂಟು ಕಣದ ಮಾತು ಸಣ್ಣದಾಗಿ ಕೇಳಬಹುದು, ಆದರೆ ಯಂತ್ರ ಕಷ್ಟಪಟ್ಟು ತೆಗೆಯುವುದನ್ನು ಅದು ಒಳಗೇ ಬಿಡುವುದಿಲ್ಲ.

ನೀರಿನಲ್ಲಿ ಗಾಳಿಸುವ ಹಳೆಯ ಪದ್ಧತಿ ಮಣ್ಣನ್ನೂ ಕಲ್ಲನ್ನೂ ಒಟ್ಟಿಗೆ ತೆಗೆಯುತ್ತದೆ ಎಂಬುದು ನಿಜ. ಗೋಧಿ ಗಿರಣಿಗಳಲ್ಲೂ ಹಿಂದೆ ತೊಳೆಯುವ ಯಂತ್ರಗಳೇ ಇದ್ದವು. ಅವು ಹಿಂದೆ ಸರಿದದ್ದು ನೀರಿನ ಖರ್ಚಿಗೆ ಮತ್ತು ಕೊಳೆನೀರಿನ ತಲೆನೋವಿಗೆ. ಕೊಳವೆ ಬಾವಿಯ ಆಳ ವರ್ಷ ವರ್ಷ ಹೆಚ್ಚುತ್ತಿರುವ ನಮ್ಮ ಬಯಲುಸೀಮೆಯಲ್ಲಿ ಮನೆಯ ಹತ್ತು ಸೇರು ರಾಗಿ ತೊಳೆಯುವುದು ಬೇರೆ, ದಿನಕ್ಕೆ ಹತ್ತು ಕ್ವಿಂಟಲ್ ತೊಳೆದು ಮತ್ತೆ ಒಣಗಿಸುವುದು ಬೇರೆ. ತೊಳೆದ ರಾಗಿ ಸಕಾಲಕ್ಕೆ ಒಣಗದಿದ್ದರೆ ಬೂಸ್ಟು ಹಿಡಿಯುತ್ತದೆ. ಧಾನ್ಯದಲ್ಲಿ ಬೂಸ್ಟಿನಿಂದ ಬರುವ ಅಫ್ಲಟಾಕ್ಸಿನ್ ಎಂಬ ವಿಷಕ್ಕೆ ನಮ್ಮ ಆಹಾರ ಸುರಕ್ಷತಾ ನಿಯಮ ಕಿಲೋಗೆ 15 ಮೈಕ್ರೋಗ್ರಾಂ ಎಂಬ ಮಿತಿ ಹಾಕಿದೆ, ಕುದಿಸಿದರೆ ಅದು ಹೋಗುತ್ತದೆಂದು ನಂಬುವಂತಿಲ್ಲ.

ಇನ್ನು ಹದದ ವಿಚಾರ. ಇಲ್ಲಿ ಗೋಧಿಯ ಪಾಠವನ್ನು ರಾಗಿಗೆ ಒಪ್ಪಿಸುವಾಗ ಆಗುವ ತಪ್ಪು ಹೆಚ್ಚು ಸೂಕ್ಷ್ಮವಾದದ್ದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡಬೇಕು.

ರೋಲರ್ ಗಿರಣಿಯಲ್ಲಿ ಗೋಧಿಗೆ ನೀರುಣಿಸುವುದು ಮೈದಾ ಮತ್ತು ರವೆಯ ಸಲುವಾಗಿ. ಕಾಳಿನ ತೇವವನ್ನು ಶೇಕಡಾ 15-17ರವರೆಗೆ ಏರಿಸಿ, ಗಟ್ಟಿ ಗೋಧಿಯಾದರೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ತೊಟ್ಟಿಯಲ್ಲಿ ಬಿಡುತ್ತಾರೆ. ಆ ಹೊತ್ತಿನಲ್ಲಿ ಮೇಲಿನ ತೌಡಿನ ಪದರ ತೊಗಲಿನಂತೆ ಬಾಗುವ ಗುಣ ಪಡೆಯುತ್ತದೆ, ಒಳಗಿನ ಹಿಟ್ಟಿನ ಭಾಗ ಸಡಿಲವಾಗುತ್ತದೆ. ರೋಲರಿನ ಹಲ್ಲಿಗೆ ಸಿಕ್ಕಾಗ ತೌಡು ಪುಡಿಯಾಗದೆ ಚಕ್ಕೆಯಾಗಿ ಬಿಡುತ್ತದೆ, ಹಿಟ್ಟು ಬಿಳಿಯಾಗಿ ಬೇರೆಯಾಗುತ್ತದೆ. ನೀರು ಸೇರಿಸುವ ಯಂತ್ರ ಹಿಂದೆ ನೀರಿನ ಹನಿ ಬೀಳುವ ಒಂದು ಸುರುಳಿ ಸಾಗಣೆ ಮಾತ್ರವಾಗಿತ್ತು. ಈಗಿನ ಯಂತ್ರದಲ್ಲಿ ವೇಗವಾಗಿ ತಿರುಗುವ ಅಲಗುಗಳು ಕಾಳನ್ನು ಕೊಳವೆಯ ಗೋಡೆಗೆ ತೆಳುವಾಗಿ ಹರಡಿ, ಪ್ರತಿಯೊಂದು ಕಾಳಿಗೂ ನೀರು ತಾಗುವಂತೆ ಉಜ್ಜುತ್ತವೆ.

ಎಷ್ಟು ನೀರು ಎಂಬುದಕ್ಕೆ ಲೆಕ್ಕವಿದೆ, ಅದರಲ್ಲಿ ಅನುಭವಿಗಳೂ ಎಡವುತ್ತಾರೆ. ಶೇಕಡಾ 11 ತೇವವಿರುವ ಒಂದು ಕ್ವಿಂಟಲ್ ಗೋಧಿಯನ್ನು ಶೇಕಡಾ 16ಕ್ಕೆ ತರಲು ಐದು ಲೀಟರ್ ಸಾಕೆಂದು ತೋರುತ್ತದೆ. ಆದರೆ ಸೇರಿಸಿದ ನೀರು ಒಟ್ಟು ತೂಕವನ್ನೂ ಹೆಚ್ಚಿಸುವುದರಿಂದ, ಏರಿಸಬೇಕಾದ 5ನ್ನು ನೂರರಿಂದ 16 ಕಳೆದ 84ರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಆಗ ಬರುವುದು 5.95 ಲೀಟರ್. ಹತ್ತು ಕ್ವಿಂಟಲಿಗೆ ಒಂಬತ್ತೂವರೆ ಲೀಟರ್ ವ್ಯತ್ಯಾಸ. ತೇವಮಾಪಕವಿಲ್ಲದೆ ಕೈಯಂದಾಜಿನಲ್ಲಿ ನೀರು ಬಿಡುವ ಕಡೆ ಈ ವ್ಯತ್ಯಾಸ ಇನ್ನೂ ದೊಡ್ಡದು.

ರಾಗಿಯ ಕಾಳು ಈ ರೀತಿಯದಲ್ಲ. ಅದರ ಒಳಭಾಗ ಮೆದು, ಐದು ಪದರಗಳ ಸಿಪ್ಪೆ ಆ ಮೆದು ಭಾಗಕ್ಕೆ ಬಿಗಿಯಾಗಿ ಅಂಟಿಕೊಂಡಿದೆ. ಅಕ್ಕಿಯಂತೆ ಮೇಲಿನಿಂದ ಉಜ್ಜಿ ಸಿಪ್ಪೆ ತೆಗೆಯಹೋದರೆ ಕಾಳೇ ಪುಡಿಯಾಗುತ್ತದೆ. ಇಡೀ ಕಾಳನ್ನೇ ಹಿಟ್ಟು ಮಾಡಿ ಉಣ್ಣುವ ಪದ್ಧತಿ ನಮ್ಮಲ್ಲಿ ಬೆಳೆದದ್ದಕ್ಕೆ ಈ ರಚನೆಯೇ ಕಾರಣ. ಇಡೀ ಕಾಳಿನ ಹಿಟ್ಟಿಗೆ ನೀರುಣಿಸುವ ಅಗತ್ಯವೇ ಇಲ್ಲ. ಒಣ ರಾಗಿ ಚೆನ್ನಾಗಿ ಬೀಸಿಕೊಳ್ಳುತ್ತದೆ, ಹಸಿ ರಾಗಿ ತಂದರೆ ಕಲ್ಲು ಕಟ್ಟಿಕೊಳ್ಳುತ್ತದೆಂದು ಹಳ್ಳಿಯ ಮಿಲ್ಲಿನವರು ಇನ್ನೊಂದು ಬಿಸಿಲು ತೋರಿಸಿಕೊಂಡು ಬರಲು ವಾಪಸು ಕಳಿಸುವುದು ಸರಿಯಾಗಿಯೇ ಇದೆ. ರಾಗಿಗೆ ನೀರು ಬೇಕಾಗುವುದು ಬೇರೆ ಮೂರು ಸಂದರ್ಭಗಳಲ್ಲಿ.

ಒಂದು, ಬಿಳಿ ಹಿಟ್ಟು ಬೇಕಾದಾಗ. ಕಾಳಿಗೆ ಸ್ವಲ್ಪ ನೀರು ಉಣಿಸಿ ಕೂಡಲೇ ಒಡೆದರೆ ಸಿಪ್ಪೆ ಒಂದಷ್ಟು ದಪ್ಪ ಚೂರುಗಳಾಗಿ ಉಳಿಯುತ್ತದೆ, ಜರಡಿಯಲ್ಲಿ ಅದನ್ನು ತೆಗೆಯಬಹುದು. ಬೇಕರಿಗೂ ಶಾವಿಗೆಗೂ ಈ ತಿಳಿ ಹಿಟ್ಟು ಹಿಡಿಸುತ್ತದೆ. ನನಗೆ ಇದರಲ್ಲಿ ತಕರಾರಿರುವುದು ಯಂತ್ರದ ಬಗ್ಗೆ ಅಲ್ಲ, ಪೊಟ್ಟಣದ ಮೇಲಿನ ಮಾತಿನ ಬಗ್ಗೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರ ನಲವತ್ತು ಮಿಲಿಗ್ರಾಂಗೂ ಮೇಲ್ಪಟ್ಟು ಸುಣ್ಣದಂಶವಿದೆ, ಅದರಲ್ಲಿ ದೊಡ್ಡ ಪಾಲು ಇರುವುದು ಆ ಸಿಪ್ಪೆಯಲ್ಲೇ, ನಾರು ಕೂಡ. ಸಿಪ್ಪೆ ತೆಗೆದ ಹಿಟ್ಟನ್ನು ಇಡೀ ರಾಗಿಯ ಸುಣ್ಣದಂಶದ ಹೆಸರಿನಲ್ಲಿ ಮಾರುವುದು ಗಿರಾಕಿಗೆ ಮಾಡುವ ಅನ್ಯಾಯ. ಎಷ್ಟು ನೀರು ಸೇರಿಸಬೇಕು, ಯಾವ ಜರಡಿ ಹಾಕಬೇಕು ಎಂಬ ಮಿಲ್ಲಿನೊಳಗಿನ ತೀರ್ಮಾನ ಒಂದು ಮಗುವಿನ ಬಟ್ಟಲಿಗೆ ಎಷ್ಟು ಸುಣ್ಣದಂಶ ತಲುಪಬೇಕೆಂಬ ತೀರ್ಮಾನವೂ ಆಗಿರುತ್ತದೆ.

ಎರಡು, ರಾಗಿ ಅಕ್ಕಿ. ಕಾಳನ್ನು ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿದರೆ ಒಳಗಿನ ಮೆದು ಭಾಗ ಗಟ್ಟಿಯಾಗುತ್ತದೆ. ಆಮೇಲೆ ಮೇಲ್ಮೈಗೆ ಮಾತ್ರ ಸ್ವಲ್ಪ ತೇವ ಕೊಟ್ಟು ಉಜ್ಜಿದರೆ ಸಿಪ್ಪೆ ಬಿಡುತ್ತದೆ, ಕಾಳು ಇಡಿಯಾಗಿ ಉಳಿಯುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯಲ್ಲಿ ಇದರ ಮೇಲೆ ಕೆಲಸ ನಡೆದಿದೆ. ತುಮಕೂರು ಅಕ್ಕಿ ಗಿರಣಿಗಳಿರುವ ಊರು. ಭತ್ತವನ್ನು ನೆನೆಸಿ ಹಬೆ ಕೊಟ್ಟು ಕುಸುಬಲಕ್ಕಿ ಮಾಡುವ ಕೆಲಸ ಬಲ್ಲವರಿಗೆ ಈ ತತ್ವ ಹೊಸದಲ್ಲ.

ಮೂರನೆಯದು ನಮ್ಮ ಮನೆಗಳಲ್ಲಿ ಎಷ್ಟೋ ತಲೆಮಾರಿನಿಂದ ಇರುವ ಹುರಿಹಿಟ್ಟು. ರಾತ್ರಿ ರಾಗಿಗೆ ನೀರನ್ನೋ ತಿಳಿಮಜ್ಜಿಗೆಯನ್ನೋ ಚಿಮುಕಿಸಿ, ಅಂಗೈಯಲ್ಲಿ ತಿಕ್ಕಿ ಎಲ್ಲ ಕಾಳಿಗೂ ಹಿಡಿಸಿ, ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಬೆಳಿಗ್ಗೆ ಒಂದಿಷ್ಟು ನೆರಳಲ್ಲಿ ಆರಿಸಿ, ಹಿಡಿ ರಾಗಿಯನ್ನು ಕಾದ ಬಾಣಲಿಗೆ ಹಾಕಿ ಆಡಿಸಿದರೆ ಚಟಚಟನೆ ಸಿಡಿದು ಬಿಳಿಯ ಅರಳಾಗುತ್ತದೆ. ನೀರು ಕಡಿಮೆಯಾದರೆ ಅರಳುವುದಿಲ್ಲ, ಸೀಯುತ್ತದೆ. ಹೆಚ್ಚಾದರೆ ಬೇಯುತ್ತದೆ. ಪ್ರಯೋಗಾಲಯದ ಭಾಷೆಯಲ್ಲಿ ಇದನ್ನೇ ತೇವವನ್ನು ಶೇಕಡಾ 18-20ಕ್ಕೆ ತಂದು ಕೆಲವು ಗಂಟೆ ಹದಕ್ಕೆ ಬಿಟ್ಟು ಹೆಚ್ಚಿನ ಬಿಸಿಯಲ್ಲಿ ಅಲ್ಪ ಹೊತ್ತು ಹುರಿಯುವುದು ಎನ್ನುತ್ತಾರೆ. ಶೇಕಡಾ 11 ತೇವದ ಒಂದು ಕ್ವಿಂಟಲ್ ರಾಗಿಯನ್ನು 19ಕ್ಕೆ ತರಲು ಸುಮಾರು ಹತ್ತು ಲೀಟರ್ ನೀರು ಬೇಕು. ಬಟ್ಟೆಯಲ್ಲಿ ಕಟ್ಟಿಟ್ಟವರು ಈ ಲೆಕ್ಕವನ್ನು ಅಂಗೈಗೆ ಅಂಟುವ ಕಾಳಿನಿಂದ ತಿಳಿಯುತ್ತಿದ್ದರು. ಅದನ್ನೇ ದಿನಕ್ಕೆ ಐದು ಕ್ವಿಂಟಲ್ ಮಾಡಬೇಕಾದ ಮಹಿಳಾ ಸಂಘಕ್ಕೆ ಚಿಮುಕಿಸುವ ಕೈ ಸಾಲದು, ಅಳೆದು ನೀರು ಬಿಡುವ ಸಣ್ಣ ಉರುಳೆ ಯಂತ್ರ ಬೇಕು.

ಸೇರಿಸಿದ ನೀರು ಹಿಟ್ಟಿನಲ್ಲೇ ಉಳಿಯುವುದರಿಂದ ಅದರ ಗುಣದ ಪ್ರಶ್ನೆ ಏಳುತ್ತದೆ. ಪಾವಗಡದಂಥ ತಾಲ್ಲೂಕಿನಲ್ಲಿ ಅಂತರ್ಜಲದ ಫ್ಲೋರೈಡ್ ಹಳೆಯ ಸಂಕಟ, ಅಲ್ಲಿಯ ಜನ ಈ ಪ್ರಶ್ನೆ ಕೇಳುವುದು ಸಹಜ. ಲೆಕ್ಕ ಹಾಕಿ ನೋಡೋಣ. ಲೀಟರಿಗೆ ಮೂರು ಮಿಲಿಗ್ರಾಂ ಫ್ಲೋರೈಡ್ ಇರುವ ಐದು ಲೀಟರ್ ನೀರನ್ನು ಒಂದು ಕ್ವಿಂಟಲಿಗೆ ಸೇರಿಸಿದರೆ ಕಿಲೋ ಹಿಟ್ಟಿಗೆ ಬರುವುದು 0.15 ಮಿಲಿಗ್ರಾಂ. ಅದೇ ಕಿಲೋ ಹಿಟ್ಟಿಗೆ ಅಂಥದೇ ಎರಡು ಲೀಟರ್ ನೀರಿಟ್ಟು ಮುದ್ದೆ ತಿರುವಿದರೆ ಬರುವುದು ಆರು ಮಿಲಿಗ್ರಾಂ, ನಲವತ್ತು ಪಟ್ಟು. ಫ್ಲೋರೈಡಿನ ಹೋರಾಟ ಅಡುಗೆಮನೆಯ ನೀರಿನಲ್ಲಿ ನಡೆಯಬೇಕು, ಮಿಲ್ಲಿನ ನೀರಿನಲ್ಲಿ ಅದು ಸಣ್ಣ ಭಾಗ. ಮಿಲ್ಲಿನಲ್ಲಿ ಹೆದರಬೇಕಾದದ್ದು ಸೂಕ್ಷ್ಮಜೀವಿಗಳಿಗೆ. ಮುಚ್ಚಳವಿಲ್ಲದ ತೊಟ್ಟಿ, ಪಾಚಿ ಕಟ್ಟಿದ ಪೈಪು, ಸುರುಳಿಯ ಮೂಲೆಯಲ್ಲಿ ನಿನ್ನೆಯ ಹಸಿ ಹಿಟ್ಟು ಮೆತ್ತಿಕೊಂಡು ಹುಳಿಯುವ ಜಾಗ, ಇವು ಒಂದು ರಾತ್ರಿಯಲ್ಲಿ ಇಡೀ ತೊಟ್ಟಿಯ ಕಾಳನ್ನು ಕೆಡಿಸಬಲ್ಲವು. ಹದದ ಯಂತ್ರ ಕೊಳ್ಳುವವರು ಅದರ ಕುದುರೆಶಕ್ತಿಗಿಂತ ಮೊದಲು ಅದರ ಬಾಗಿಲನ್ನು ಬಿಚ್ಚಿ ಒಳಗೆ ಕೈಹಾಕಿ ತೊಳೆಯಬಹುದೇ ಎಂಬುದನ್ನು ನೋಡಬೇಕು.

ನೀರಿಗೆ ಇನ್ನೊಂದು ಪ್ರಲೋಭನೆಯೂ ಅಂಟಿಕೊಂಡಿದೆ. ತೇವ ಶೇಕಡಾ ಮೂರು ಹೆಚ್ಚಿದರೆ ಕ್ವಿಂಟಲಿಗೆ ಮೂರು ಕಿಲೋಗೂ ಮಿಕ್ಕಿ ತೂಕ ಸಿಗುತ್ತದೆ. ಗೋಧಿ ಹಿಟ್ಟಿನ ತೇವ ಶೇಕಡಾ 14ನ್ನು ಮೀರಬಾರದೆಂಬ ನಿಯಮ ಇರುವುದು ಈ ಕಾರಣಕ್ಕೂ ಹೌದು, ಹಿಟ್ಟು ಗಂಟುಕಟ್ಟಿ ಹುಳು ಬೀಳುತ್ತದೆಂಬ ಕಾರಣಕ್ಕೂ ಹೌದು. ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿದ ರಾಗಿಯ ಗುಟ್ಟು ಅದರ ಒಣಗುಣದಲ್ಲಿತ್ತು. ಆದ್ದರಿಂದ ಹದ ಮಾಡಿದ ರಾಗಿಯನ್ನು ದಾಸ್ತಾನು ಮಾಡಬಾರದು, ಹದಗೊಂಡ ದಿನವೇ ಬೀಸಿ ಇಲ್ಲವೇ ಹುರಿದು ಮುಗಿಸಬೇಕು. ಹಸನಾದ ಒಣ ರಾಗಿಯನ್ನಾದರೋ ತಿಂಗಳುಗಟ್ಟಲೆ ಇಡಬಹುದು. ಎರಡು ಯಂತ್ರಗಳ ಜಾಗ ಬೇರೆಯಾಗಬೇಕೆಂದು ಆರಂಭದಲ್ಲಿ ಹೇಳಿದ್ದು ಇದಕ್ಕಾಗಿಯೇ.

ಹಣದ ದಾರಿ ಇಲ್ಲವೆಂದಲ್ಲ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪ್ರಧಾನಮಂತ್ರಿ ಯೋಜನೆಯಲ್ಲಿ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿದೆ. ಕರ್ನಾಟಕ ತನ್ನ ಪಾಲು ಸೇರಿಸಿ ಅದನ್ನು ಶೇಕಡಾ 50ಕ್ಕೆ, ಗರಿಷ್ಠ 15 ಲಕ್ಷಕ್ಕೆ ಏರಿಸಿದೆ. ವಸಂತನರಸಾಪುರದಲ್ಲಿ 2014ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಫುಡ್ ಪಾರ್ಕ್ ಇದೆ. ಆದರೆ ಶಿರಾ, ಚಿಕ್ಕನಾಯಕನಹಳ್ಳಿ, ಕೊರಟಗೆರೆಯ ಸಣ್ಣ ರೈತ ಇಪ್ಪತ್ತು ಮೂಟೆ ರಾಗಿ ಹಸನು ಮಾಡಿಸಲು ಅಲ್ಲಿಗೆ ಬರಲಾರ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರಗಳು ಟ್ರ್ಯಾಕ್ಟರು, ನೇಗಿಲು ಬಾಡಿಗೆಗೆ ಕೊಡುವಂತೆಯೇ, ಟ್ರೈಲರ್ ಮೇಲೆ ಕೂರಿಸಿದ ಜರಡಿ, ಗಾಳಿಯಂತ್ರ ಮತ್ತು ರಾಗಿಗೆ ಹೊಂದಿಸಿದ ಡಿಸ್ಟೋನರನ್ನು ಡಿಸೆಂಬರಿನಿಂದ ಮಾರ್ಚ್‌ವರೆಗೆ ಹಳ್ಳಿಯಿಂದ ಹಳ್ಳಿಗೆ ಕಳಿಸಬೇಕು. ಅದರೊಂದಿಗೆ ಒಂದು ತೇವಮಾಪಕವೂ ಹೋಗಬೇಕು. ತನ್ನ ರಾಗಿ ಹನ್ನೆರಡರೊಳಗಿದೆಯೋ ಹದಿಮೂರಿದೆಯೋ ಎಂಬುದು ರೈತನಿಗೆ ಖರೀದಿ ಕೇಂದ್ರದ ಮೇಜಿನ ಮುಂದೆ ಮೊದಲ ಬಾರಿಗೆ ತಿಳಿಯುವಂತಾಗಬಾರದು. ಹಸನು ಮಾಡಿದಾಗ ಬಿದ್ದ ನುಚ್ಚು, ಜೊಳ್ಳು, ಹೊಟ್ಟು ಕೂಡ ಹಾಗೆ ಹಳ್ಳಿಯಲ್ಲೇ ಉಳಿದು ಕೋಳಿಗೂ ದನಕ್ಕೂ ಆಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಯಂತ್ರ ಕಳಿಸುವವರು ಮರೆಯಬಾರದು. ಈ ಕೆಲಸದಲ್ಲಿ ಏಳುವ ದೂಳು ಮಣ್ಣಿನ ದೂಳು. ಗಾಳಿಯಂತ್ರದ ಬಾಯಿಗೆ ದೂಳು ಹಿಡಿಯುವ ಗೋಪುರವಿಲ್ಲದೆ, ಮೂಗಿಗೆ ಟವೆಲ್ ಸುತ್ತಿಕೊಂಡು ದಿನವಿಡೀ ಮೂಟೆ ಸುರಿಯುವವರ ಶ್ವಾಸಕೋಶಕ್ಕೆ ಅದು ನೇರವಾಗಿ ಹೋಗುತ್ತದೆ. ಟೆಂಡರಿನ ಪಟ್ಟಿಯಲ್ಲಿ ಖರ್ಚು ತಗ್ಗಿಸಲು ಮೊದಲು ಹೊಡೆದುಹಾಕುವ ಸಾಲು ಆ ಗೋಪುರದ್ದಾಗಿರುತ್ತದೆ. ಅದನ್ನು ಯಂತ್ರದ ಬೆಲೆಯಲ್ಲೇ ಸೇರಿಸಿ ಕೊಳ್ಳಬೇಕು.